ಮೂರು ಚೌಕಗಳ ಉತ್ತರ

"ಇದೇನ್ರೀ ಇದು? ಪುಟ ಪೂರ್ತಿ ಹಿಂದುಮುಂದು!"

ಸುಫಿಯಾ ಹಾಳೆ ಎತ್ತಿ ಹಿಡಿದಾಗ ಹುಣಸೂರಿನ ಆ ಗ್ರಂಥಾಲಯದ ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅದು ಭಾನುವಾರದ ಕಾಮಿಕ್ಸ್ ತರಗತಿ. ಪುಟವನ್ನು ಚೌಕಗಳಾಗಿ ಹೇಗೆ ಒಡೆಯಬೇಕು, ಮಾತಿನ ಬಲೂನನ್ನು ಎಲ್ಲಿ ಕೂರಿಸಬೇಕು ಅಂತ ಹೊಸಬರಿಗೆ ಅವಳು ಹೇಳಿಕೊಡುತ್ತಿದ್ದಳು.

ನಗದೇ ನಿಂತಿದ್ದವನು ಆ ಹಾಳೆ ಬರೆದ ತೌಸಿಫ್ ಒಬ್ಬನೇ. ಮರಗೆಲಸದವನು. ಕೂದಲಲ್ಲಿ ಇನ್ನೂ ಮರದ ಹೊಟ್ಟು ಅಂಟಿಕೊಂಡಿತ್ತು.

"ಹಿಂದುಮುಂದಲ್ಲ ಮೇಡಂ... ಬಲದಿಂದ ಎಡಕ್ಕೆ ಇದೆ. ಏಳನೇ ಕ್ಲಾಸ್‌ವರೆಗೂ ಉರ್ದು ಶಾಲೆ ನಂದು. ಕೈ ಆ ಕಡೆಯಿಂದಲೇ ಶುರು ಮಾಡುತ್ತೆ."

"ಕನ್ನಡ ಓದೋರ ಕಣ್ಣು ಎಡದಿಂದ ಬರುತ್ತೆ ಕಣ್ರೀ! ಮೊದಲು ಮಾತಾಡೋರ ಬಲೂನು ಎಡಕ್ಕೆ, ಮೇಲಕ್ಕೆ. ಉತ್ತರ ಕೊಡೋರದ್ದು ಬಲಕ್ಕೆ, ಕೆಳಕ್ಕೆ. ಇಲ್ಲಾಂದ್ರೆ ಪ್ರಶ್ನೆ ಕೇಳೋಕೆ ಮುಂಚೆನೇ ಉತ್ತರ ಬಂದುಬಿಡುತ್ತೆ!"

ಮತ್ತೆ ನಗು. ಅವನ ಕಿವಿ ಕೆಂಪಾಯಿತು.

'ಛೆ... ಎಲ್ಲರ ಮುಂದೆ ಅನ್ನಬಾರದಿತ್ತು' ಅಂತ ಸುಫಿಯಾ ಆಗಲೇ ಪೇಚಾಡಿಕೊಂಡಳು. ಎಷ್ಟೋ ಪ್ರೀತಿಗಳು ಶುರುವಾಗುವುದೇ ಇಂಥ ಒಂದು ಛೆಯಿಂದ ನೋಡಿ!

ಮುಂದಿನ ವಾರವೂ ಅವನು ಬಂದ. ಬಲದಿಂದಲೇ ಬರೆದು ತಂದ. ಅದರ ಮುಂದಿನ ವಾರವೂ ಅದೇ ಕಥೆ! ಹೇಳಿ ಹೇಳಿ ಸಾಕಾಗಿ ಅವಳೇ ಅವನ ಹಾಳೆಗಳನ್ನು ಬಲದಿಂದ ಓದಲು ಕಲಿತಳು. ಐದು ತಿಂಗಳು ಕಳೆಯುವಷ್ಟರಲ್ಲಿ ಅವನ ಹಾಳೆ ಕಂಡರೆ ಸಾಕು, ಕಣ್ಣು ತಾನಾಗಿಯೇ ಆ ಕಡೆಗೆ ಹೋಗುತ್ತಿತ್ತು. ಒಳಗೊಳಗೇ ಹಿಗ್ಗುತ್ತಿದ್ದಳು ಹುಡುಗಿ.

ಅಷ್ಟರಲ್ಲಿ ಕೆ.ಆರ್. ನಗರದಿಂದ ಒಂದು ಸಂಬಂಧ ಬಂತು. ಸಕ್ಕರೆ ಕಾಯಿಲೆಯಿಂದ ಸೊರಗಿದ್ದ ಅಮ್ಮಿ ಖಮರುನ್ನೀಸಾಗೆ ಮಗಳ ನಿಕಾಹ್ ನೋಡಿಯೇ ಕಣ್ಣು ಮುಚ್ಚುವ ಹಠ.

"ಯಾರನ್ನಾದ್ರೂ ಮನಸಲ್ಲಿ ಇಟ್ಕೊಂಡಿದ್ದೀಯಾ ಮಗಳೇ? ಹೆಸರು ಹೇಳು, ಸಾಕು."

ಸುಫಿಯಾ ನೇರವಾಗಿ ತೌಸಿಫನ ಮುಂದೆ ಹೋಗಿ ನಿಂತಳು. "ಮನೇಲಿ ಕೇಳ್ತಿದ್ದಾರೆ... ನಿಮ್ಮ ಹೆಸರು ಹೇಳಲಾ?"

ಅವನು ಪೆನ್ಸಿಲ್ ಕೆಳಗಿಟ್ಟ. "ಬಾಯಲ್ಲಿ ಬರಲ್ಲ ನಂಗೆ... ಬರೆದು ಕೊಡ್ತೀನಿ. ನಿಮಗೆ ಒಪ್ಪಿಗೆಯಾದ್ರೆ ಭಾನುವಾರ ಎಂದಿನಂತೆ ಕ್ಲಾಸಿಗೆ ಬನ್ನಿ. ಬರದಿದ್ರೆ... ನಾನೇ ಅರ್ಥ ಮಾಡ್ಕೋತೀನಿ."

ಶುಕ್ರವಾರ ಹಾಳೆ ಕೊಟ್ಟವನು ತಿರುಗಿಯೂ ನೋಡದೆ ಹೋದ.

ಮೂರೇ ಚೌಕ. ಅವಳ ಕಣ್ಣು ರೂಢಿಯಂತೆ ಬಲಕ್ಕೆ ಹೋಯಿತು. ಅಲ್ಲಿ ಒಂದೇ ಬೆಂಚಿನ ಮೇಲೆ ಅವನು, ಅವಳು. ನಡುವಿನ ಚೌಕದಲ್ಲಿ ಅರ್ಧ ತೆರೆದ ಬಾಗಿಲು. ಕೊನೆಗೆ ಮುಚ್ಚಿದ ಬಾಗಿಲು, ಹೊರಗೆ ಒಬ್ಬನೇ ಅವನು. ಇಡೀ ಪುಟಕ್ಕೆ ಇದ್ದದ್ದು ಅಲ್ಲಿನ ಒಂದೇ ಬಲೂನು:

"ನನಗೆ ಧೈರ್ಯ ಇಲ್ಲ."

'ಧೈರ್ಯ ಇಲ್ಲವಂತೆ! ಆಸೆ ಹುಟ್ಟಿಸುವಾಗ ಇತ್ತಾ?'

ಅಮ್ಮಿಗೆ "ಯಾರೂ ಇಲ್ಲ" ಅಂದಳು. ಬಂದ ಸಂಬಂಧವನ್ನೂ ಬೇಡವೆಂದಳು. ಭಾನುವಾರ ತರಗತಿಗೆ ಹೋಗಲಿಲ್ಲ, ಮೊಬೈಲ್ ನಂಬರನ್ನೂ ಬದಲಾಯಿಸಿದಳು. ಬೀಗ ಹಾಕಿದ ಕೋಣೆಯ ಮುಂದೆ ತೌಸಿಫ್ ಸಂಜೆವರೆಗೂ ಕಾದದ್ದನ್ನು ಅವಳಿಗೆ ಯಾರು ಹೇಳಬೇಕು?

ನಾಲ್ಕು ವರ್ಷ ಹಾಗೇ ಸವೆದವು. ಸುಫಿಯಾ ಪಿರಿಯಾಪಟ್ಟಣದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿ ಅಲ್ಲೇ ಉಳಿದುಬಿಟ್ಟಳು. ಕಳೆದ ರಂಜಾನಿನಲ್ಲಿ ಹುಣಸೂರಿನಲ್ಲಿ ಅಮ್ಮಿ ತೀರಿಹೋದರು. ಆಸ್ಪತ್ರೆಯ ಮಂಚದಲ್ಲೂ ಅದೇ ಪ್ರಶ್ನೆ, ಮಗಳದ್ದು ಅದೇ ಉತ್ತರ.

ಒಂದು ಗುರುವಾರ ಅಂಗನವಾಡಿಯವರಿಗೆ ಚಿತ್ರಕಥೆಯ ತರಬೇತಿ ಇತ್ತು. ಮಾದರಿ ತೋರಿಸಲೆಂದು ಸುಫಿಯಾ ಹಳೆಯ ಫೈಲನ್ನು ಮೇಜಿನ ಮೇಲೆ ಸುರಿದಳು. ಹರಿಯಲಾರದೆ ಅದರ ತಳದಲ್ಲಿ ಬಚ್ಚಿಟ್ಟಿದ್ದ ಹಾಳೆ ಸಣ್ಣತಾಯಮ್ಮ ಎಂಬ ಹಿರಿಯ ಕಾರ್ಯಕರ್ತೆಯ ಕೈಗೆ ಸಿಕ್ಕಿತು.

"ಇದ್ ಎಷ್ಟ್ ಚೆಂದಾಗೈತೆ ಕಣ್ರವ್ವ! ಪಾಪ, ಮೊದ್ಲು ಧೈರ್ಯ ಇಲ್ದೆ ಬಾಗ್ಲಾಚೆ ನಿಂತವ್ನೆ. ಆಮೇಲೆ ಬಾಗ್ಲು ತಗುದ್ರು. ಕೊನೀಗೆ ನೋಡ್ರಿ, ಇಬ್ರೂ ಒಂದೇ ಬೆಂಚ್ ಮ್ಯಾಲೆ ಕುಂತವ್ರೆ!"

ಸುಫಿಯಾ ಹಾಳೆ ಕಿತ್ತುಕೊಂಡಳು. ಎಡದಿಂದ ಓದಿದಳು. ಬಲೂನು ಎಡಕ್ಕೆ, ಮೇಲಕ್ಕೇ ಇತ್ತು, ಥೇಟ್ ಅವಳು ಕಲಿಸಿದ ಹಾಗೆ. ಐದು ತಿಂಗಳು ತಿದ್ದಿಕೊಳ್ಳದವನು ಈ ಒಂದೇ ಹಾಳೆಗಾಗಿ ಕೈ ತಿದ್ದಿಕೊಂಡಿದ್ದ.

"ಯಾಕವ್ವ ಅಳ್ತಿದ್ದೀರಿ?"

"ನಾನು ತಪ್ಪು ಓದಿಬಿಟ್ಟೆ ಸಣ್ಣತಾಯಮ್ಮ..."

ತರಬೇತಿ ಮುಗಿಯುವವರೆಗೂ ಅವಳಿಗೆ ತಾಳಲಾಗಲಿಲ್ಲ. ಸಿಕ್ಕ ಬಸ್ಸು ಹತ್ತಿ ಹುಣಸೂರಿನಲ್ಲಿ ಇಳಿದವಳು ನೇರ ಅವನ ಮರಗೆಲಸದ ಅಂಗಡಿಗೆ ಬಂದಳು. ತೌಸಿಫ್ ಕಿಟಕಿಯ ಚೌಕಟ್ಟನ್ನು ಉಜ್ಜುಗೊರಡಿನಿಂದ ನಯ ಮಾಡುತ್ತಿದ್ದ. ತುಂಬಾ ಇಳಿದುಹೋಗಿದ್ದ. ಅವಳನ್ನು ಕಂಡು ಕೈ ನಿಂತಿತು.

"ಮದುವೆ...?" ಅವಳು ಕೇಳಿದಳು.

"ಇಲ್ಲ."

ಅವಳು ಹಾಳೆ ಮುಂದೆ ಚಾಚಿದಳು. "ನಿಮ್ಮ ಕೈ ಬಲದಿಂದ ಬರೆಯುತ್ತೆ ಅಂತ... ಬಲದಿಂದ ಓದಿದೆ."

ಅವನು ಹಾಳೆಯನ್ನು ಕೈಗೆ ತೆಗೆದುಕೊಂಡ. "ನಿಮ್ಮ ಕಣ್ಣು ಎಡದಿಂದ ಬರುತ್ತೆ ಅಂದಿದ್ರಲ್ಲ... ಹತ್ತು ಸಲ ಹರಿದು ಹಾಕಿ ಬರೆದಿದ್ದೆ."

"ಅಮ್ಮಿ ಕೊನೆವರೆಗೂ ಕೇಳಿದ್ರು ತೌಸಿಫ್! ಒಂದು ಹೆಸರು ಹೇಳು ಅಂತ. ಯಾರೂ ಇಲ್ಲ ಅಂದುಬಿಟ್ಟೆ..." ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು.

"ಮಣ್ಣಿಗೆ ನಾನೂ ಬಂದಿದ್ದೆ. ಹೆಗಲು ಕೊಟ್ಟೆ."

ಅವಳು ತಲೆಯೆತ್ತಿದಳು. ಆ ದಿನ ಹೆಂಗಸರ ಜೊತೆ ಒಳಮನೆಯಲ್ಲಿದ್ದವಳಿಗೆ ಅಮ್ಮಿಯನ್ನು ಹೊತ್ತವರು ಯಾರೆಂದು ಕಂಡಿರಲಿಲ್ಲ.

"ಮಣ್ಣು ಹಾಕುವಾಗ ಮೆಲ್ಲಗೆ ಹೇಳ್ಕೊಂಡೆ... ಅಮ್ಮಿ, ನನ್ನ ಹೆಸರು ತೌಸಿಫ್. ನಿಮ್ಮ ಮಗಳನ್ನ ಕೇಳಿದ್ದೆ. ಅವಳು ಒಪ್ಪಲಿಲ್ಲ ಅಂತ."

ಸುಫಿಯಾ ಕಣ್ಣೊರೆಸಿಕೊಂಡಳು.

"ನಾಳೆ ಜುಮ್ಮಾ ನಮಾಜ್ ಆದ್ಮೇಲೆ... ಖಬರಸ್ತಾನಕ್ಕೆ, ಅಮ್ಮಿ ಗೋರಿ ಹತ್ರ ಹೋಗ್ತೀರಾ?"

"ಪ್ರತಿ ಶುಕ್ರವಾರ ಹೋಗ್ತೀನಿ."

"ಹಾಗಾದ್ರೆ ಅಮ್ಮಿಗೆ ಹೇಳಿ... ಮಗಳು ಒಪ್ಪಿದ್ದಾಳೆ ಅಂತ."

ಅವನ ಕಣ್ಣು ತುಂಬಿ ಬಂತು. "ನೀವು?"

"ಹೆಂಗಸರು ಒಳಗೆ ಬರೋ ಹಾಗಿಲ್ಲವಲ್ಲ... ಗೇಟಿನ ಹತ್ರ ನಿಂತಿರ್ತೀನಿ. ನಿಧಾನಕ್ಕೆ ಹೇಳಿ ಬನ್ನಿ... ಕಾಯ್ತೀನಿ."