ಫ್ಯಾನ್ ಡಬ್ಬಿಯ ಮೇಲಿನ ಗುಲಾಬಿ ಗೆರೆ

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ, ಶಿವಮೂರ್ತಪ್ಪನವರ ಆಟೋ ಎಲೆಕ್ಟ್ರಿಕಲ್ ಅಂಗಡಿಯ ಮುಂದೆ ಲೋಹಿತನ ಹಳೇ ಜೀಪು ನಿಂತಾಗ ಅದರ ಮೂತಿಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಬರುತ್ತಿತ್ತು. ಆ ಹಬೆಯ ನಡುವಿನಿಂದ ಲೋಹಿತ ಇಳಿದ. ಇಳಿದ ಠೀವಿ ನೋಡಿದರೆ ಗಾಡಿ ಕೆಟ್ಟವನ ಹಾಗಿರಲಿಲ್ಲ, ಇಂಟರ್‌ವಲ್ ಮುಗಿಸಿ ವಾಪಸ್ ಬಂದ ಹೀರೋನ ಹಾಗಿತ್ತು.

“ಈ ಲೋಹಿತ ಸುಮ್ನೆ ಬರಲ್ಲ. ಬಂದ್ರೆ ಹೊಗೆ ಮುಂದೆ, ನಾನು ಹಿಂದೆ!”

ಬೆಂಚಿನ ಹಿಂದೆ ಕೂತು ವೈರಿಗೆ ಸೋಲ್ಡರ್ ಹಾಕುತ್ತಿದ್ದ ಹುಡುಗಿ ತಲೆ ಎತ್ತಲಿಲ್ಲ.

“ಮೇಸ್ತ್ರಿ ಇದಾರೇನ್ರಿ?” ಲೋಹಿತ ಸ್ವರ ಇಳಿಸಿ ಕೇಳಿದ.

“ಇದಾರೆ. ಕೂತ್ಕೊಳ್ರಿ.”

ಕೂತ. ಅರ್ಧ ಗಂಟೆಯಲ್ಲಿ ಇನ್ನೆರಡು ಡೈಲಾಗ್ ಹೊಡೆದ. ಹುಡುಗಿ ನಾಲ್ಕು ವೈರು ಮುಗಿಸಿದಳು. ಆಮೇಲೆ ಎದ್ದು, ಜಡೆಯನ್ನು ಶರ್ಟಿನ ಕಾಲರಿನೊಳಗೆ ಸಿಕ್ಕಿಸಿಕೊಂಡು, ಜೀಪಿನ ಬಾನೆಟ್ ಎತ್ತಿದಳು.

“ರೀ ರೀ, ಮುಟ್ಟಬ್ಯಾಡ್ರಿ! ಮೇಸ್ತ್ರಿ ಬರ್ಲಿ.”

“ನಾನೇ ಮೇಸ್ತ್ರಿ.”

“ಮತ್ತೆ ಅರ್ಧ ಗಂಟೆಯಿಂದ ಹೇಳಬಾರದಿತ್ತಾ?”

“ನೀವು ಇದಾರಾ ಅಂದ್ರಿ, ಇದಾರೆ ಅಂದೆ. ಯಾರು ಅಂತ ಕೇಳಲಿಲ್ವಲ್ಲ. ಬಿಸಿ ಇಳೀಲಿ ಅಂತ ಕೂರಿಸಿದ್ದು.” ರೇಡಿಯೇಟರಿನ ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕುತ್ತಾ ಅವಳು ಇನ್ನೊಂದು ಮಾತು ಸೇರಿಸಿದಳು. “ಗಾಡೀದೂ, ನಿಮ್ಮದೂ.”

ಅಂಗಡಿಯ ಮೂಲೆಯಿಂದ ನಗು ಕೇಳಿಸಿತು. ದಪ್ಪ ಕನ್ನಡಕದ ಶಿವಮೂರ್ತಪ್ಪ ಅಲ್ಲಿ ಡೈನಮೋ ಬಿಚ್ಚಿಕೊಂಡು ಕೂತಿದ್ದರು. “ನನ್ನ ಮಗಳು ವನಜಾಕ್ಷಿ ಕಣಪ್ಪ. ಐ.ಟಿ.ಐ. ಮಾಡ್ಯಾಳೆ. ನಾನೀಗ ಬರೇ ಬೋರ್ಡಿನ ಮೇಲಿನ ಹೆಸರು.”

ಜೀಪಿನ ಕಥೆ ಸರಳವಾಗಿತ್ತು. ಬೆಲ್ಟಿನಿಂದ ತಿರುಗುವ ಹಳೇ ಫ್ಯಾನ್ ಒಡೆದಾಗ ಮೊಳಕಾಲ್ಮೂರಿನಲ್ಲಿ ಯಾರೋ ಕರೆಂಟ್ ಫ್ಯಾನ್ ಕೂರಿಸಿ, ಡ್ಯಾಶಿನ ಮೇಲೆ ಒಂದು ಸ್ವಿಚ್ ಕೊಟ್ಟಿದ್ದರು. ಬಿಸಿಯಾದಾಗ ಹಾಕಬೇಕು, ತಣ್ಣಗಾದಾಗ ತೆಗೆಯಬೇಕು. ಲೋಹಿತ ಮಗ್ಗದ ಮನೆಗಳ ರೇಷ್ಮೆ ನೂಲು, ಸೀರೆ, ಜನ ಎಲ್ಲವನ್ನೂ ಸಾಗಿಸುತ್ತಾ, ಹಿಂದೆ ಕೂತವರಿಗೆ ಒಂದು ಪೂರ್ತಿ ಸಿನಿಮಾ ಒಬ್ಬನೇ ಆಡಿ ತೋರಿಸುತ್ತಿದ್ದ. ಇವತ್ತು ಕ್ಲೈಮ್ಯಾಕ್ಸಿನಲ್ಲಿ ಸ್ವಿಚ್ ಮರೆತಿತ್ತು.

“ಸ್ವಿಚ್ಚು ನೆನಪಿರೋರಿಗೆ,” ಅಂದಳು ವನಜಾಕ್ಷಿ. “ನಿಮಗೆ ಕಂಟ್ರೋಲರ್ ಬೇಕು. ಬಿಸಿ ನೋಡಿ ಅದೇ ಫ್ಯಾನ್ ಹಾಕುತ್ತೆ, ಅದೇ ತೆಗೆಯುತ್ತೆ.”

ಬೆಂಚಿನ ಮೇಲೆ ಮೂರು ಸಾಮಾನು ತಂದಿಟ್ಟಳು. ಲೋಹಿತನ ಕಣ್ಣು ನೀಲಿ ಅಂಕಿ ಮಿನುಗುವ ಡಿಜಿಟಲ್ ಡಬ್ಬಿಯ ಮೇಲೆ ಬಿತ್ತು.

“ಇದು! ಇದ್ರಾಗೆ ಎಂಟ್ರಿ ಸೀನೇ ಐತೆ.”

“ಅದು ಫ್ಯಾನನ್ನ ನಿಧಾನಕ್ಕೆ ಶುರು ಮಾಡುತ್ತೆ, ಬಿಸಿ ಏರಿದಂಗೆ ಸ್ಪೀಡ್ ಏರಿಸುತ್ತೆ. ಒಳ್ಳೇದೇ. ಆದ್ರೆ ನಿಮ್ಮ ಬಾನೆಟ್ಟಿನ ಬಿಸಿ, ಧೂಳು, ಕುಲುಕಾಟಕ್ಕೆ ಎಷ್ಟು ದಿನ ತಾಳುತ್ತೋ ನಂಗೆ ಭರವಸೆ ಇಲ್ಲ. ದಾರೀಲಿ ಕೆಟ್ರೆ ನಿಮ್ಮ ಕೈಲಿ ಬಿಚ್ಚಾಕೂ ಆಗಲ್ಲ.”

“ಈ ಪುಟಾಣಿ?”

“ಇದು ರೇಡಿಯೇಟರಿಗೆ ತಿರುಪೋದು. ಒಂದೇ ಬಿಸಿಗೆ ಆನ್, ಬದಲಾಯಿಸಾಕೆ ಬರಲ್ಲ. ಗಟ್ಟಿ. ಆದ್ರೆ ನಿಮ್ಮ ಹಿತ್ತಾಳೆ ರೇಡಿಯೇಟರಿನಾಗೆ ಇದನ್ನ ಕೂರಿಸೋ ತೂತೇ ಇಲ್ಲ. ತೂತು ಮಾಡಿ ಬೆಸುಗೆ ಹಾಕಿದ್ರೆ ಸೋರುತ್ತೆ.” ಅವಳು ಮೂರನೆಯದನ್ನು ಮುಂದೆ ತಳ್ಳಿದಳು. ಕಪ್ಪು ಡಬ್ಬಿ, ಒಂದು ತಿರುಗುಗುಂಡಿ, ಒಂದು ಸೆನ್ಸರ್ ವೈರು. ನೋಡಲು ಹಳೇ ರೇಡಿಯೋದ ಬಡ ನೆಂಟನ ಹಾಗಿತ್ತು. “ಬಿಸಿ ಅಳೆಯೋ ಈ ಸೆನ್ಸರ್ ರೇಡಿಯೇಟರಿನ ಮೇಲಿನ ನೀರಿನ ಪೈಪ್ ಹತ್ರ ಕೂರುತ್ತೆ. ಎಷ್ಟು ಬಿಸಿಗೆ ಆನ್ ಆಗಬೇಕು ಅಂತ ಗುಂಡಿ ತಿರುಗಿಸಿ ಇಡಬಹುದು. ಒಳಗೆ ಫ್ಯಾನಿಗೆ ಕರೆಂಟ್ ಬಿಡೋ ರಿಲೇ ಕೆಟ್ರೆ ಕಿತ್ತು ಇನ್ನೊಂದು ಹಾಕಿದ್ರೆ ಆತು. ಎ.ಸಿ. ಐತಾ ಗಾಡೀಲಿ?”

“ಕಿಟಕಿ ಐತೆ.”

ಅವಳ ತುಟಿಯ ಎಡ ತುದಿ ಒಂದಿಷ್ಟು ಮೇಲೆದ್ದು, ತಪ್ಪು ಮಾಡಿದ ಹಾಗೆ ತಕ್ಷಣ ಕೆಳಗಿಳಿಯಿತು. ಲೋಹಿತನಿಗೆ ಅಷ್ಟು ಸಾಕಾಯಿತು. “ಅದೇ ಹಾಕ್ರಿ,” ಅಂದ. ಅವಳು ಒಲೆ ತೋರಿಸಿ ಇದೇ ಕಂಟ್ರೋಲರ್ ಅಂದಿದ್ದರೂ ಅವನು ಹಾಕಿಸಿಕೊಳ್ಳುತ್ತಿದ್ದ.

ಕೆಲಸ ಮುಗಿದ ಮೇಲೆ ಅವಳು ಜೇಬಿನಿಂದ ಗುಲಾಬಿ ಬಣ್ಣದ ನೇಲ್ ಪಾಲಿಷ್ ತೆಗೆದಳು. ಡಬ್ಬಿಯ ಮುಚ್ಚಳದಿಂದ ಮೈಗೆ ದಾಟುವಂತೆ ಒಂದು ಸಣ್ಣ ಗೆರೆ, ಸೆನ್ಸರಿನ ಪ್ಲಗ್ಗಿಗೆ ಅಡ್ಡಲಾಗಿ ಇನ್ನೊಂದು.

“ಗಾಡಿಗೂ ಮೇಕಪ್ಪಾ?”

“ಗುರುತು,” ಅಂದಳು. ಗೆರೆ ಒಣಗಲೆಂದು ಬಗ್ಗಿ ಮೆಲ್ಲಗೆ ಊದಿದಳು. ಕೆನ್ನೆಯ ಮೇಲೆ ಬೆರಳಗಲದ ಗ್ರೀಸ್ ಹತ್ತಿತ್ತು. ಊರು ಮುಟ್ಟುವವರೆಗೂ ಲೋಹಿತ ಒಂದು ಡೈಲಾಗೂ ಹೊಡೆಯಲಿಲ್ಲ. ಹಿಂದೆ ಕೂತವರು ಇವನಿಗೆ ಜ್ವರ ಬಂದಿದೆ ಅಂದುಕೊಂಡರು.

ಕಂಟ್ರೋಲರ್ ಚೆನ್ನಾಗಿ ಕೆಲಸ ಮಾಡಿತು. ತೊಂದರೆ ಆಗಿದ್ದೇ ಅಲ್ಲಿ. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಎಂಟು ದಿನದಲ್ಲಿ ಆರು ಸಲ ಹೋಗಿಬಂದ, ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವೆಯೇ ಅಲ್ಲಾಡದೆ ನಿಂತಿತ್ತು. ಗಾಡಿ ಕೆಡದಿದ್ದರೆ ಅಂಗಡಿಗೆ ಹೋಗುವುದು ಹೇಗೆ? ಗೆಳೆಯರ ಬೈಕಿನ ಕೀ ಬಚ್ಚಿಟ್ಟು, ಜೊತೆಗೆ ತಾನೂ ಹುಡುಕುವ ನಾಟಕ ಆಡಿ ಬೆಳೆದವನು ಲೋಹಿತ. ಒಂಬತ್ತನೆಯ ದಿನ ಅಂಗಡಿ ಇನ್ನೂರು ಗಜ ಇದೆ ಅನ್ನುವಾಗ ಗಾಡಿ ನಿಲ್ಲಿಸಿ, ಸೆನ್ಸರಿನ ಪ್ಲಗ್ ಕಿತ್ತು, ಮುಖ ಸಪ್ಪಗೆ ಮಾಡಿಕೊಂಡು ಹೋದ.

“ವನಜಾಕ್ಷಿಯೋರೆ, ಫ್ಯಾನ್ ಓಡ್ತಾನೇ ಇಲ್ಲ. ತಳಕಿನಿಂದ ಉಸಿರು ಬಿಗಿ ಹಿಡ್ಕೊಂಡು ಬಂದೀನಿ!”

ಅವಳು ಅವನನ್ನು ನೋಡಿದಳು, ಆಮೇಲೆ ಜೀಪನ್ನು. ಬಾನೆಟ್ಟಿನೊಳಗೆ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಬೊಬ್ಬೆ ಹೊಡೆಯುತ್ತಿತ್ತು.

ಲೋಹಿತನಿಗೆ ಆಗ ಕೇಳಿಸಿತು.

“ಸೆನ್ಸರ್ ಕಿತ್ರೆ ಇದು ಫ್ಯಾನ್ ನಿಲ್ಲಿಸಲ್ಲ,” ಅಂದಳು ವನಜಾಕ್ಷಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದಾಗಿತ್ತು. “ವೈರ್ ಕಡಿದ್ರೂ ಇಂಜಿನ್ ಉಳೀಲಿ ಅಂತ, ಬಿಡದಂಗೆ ಓಡಿಸ್ತೈತೆ. ಅದಕ್ಕೇ ಇದನ್ನ ಆರಿಸಿದ್ದು.” ಬಾನೆಟ್ ಎತ್ತಿ ಬೆರಳು ತೋರಿಸಿದಳು. ಪ್ಲಗ್ಗಿನ ಮೇಲಿದ್ದ ಗುಲಾಬಿ ಗೆರೆ ನಡುವೆ ತುಂಡಾಗಿ ಎರಡು ಕಡೆ ಸರಿದಿತ್ತು.

“ತಮಾಷೆಗೆ...”

“ಹುಡುಗಿ ಮೇಸ್ತ್ರಿಗೆ ಗೊತ್ತಾಗುತ್ತೋ ಇಲ್ವೋ ನೋಡಾನ ಅಂತ ವಾರಕ್ಕೆ ಇಬ್ರಾದ್ರೂ ಫ್ಯೂಸ್ ಕಿತ್ಕೊಂಡು ಬರ್ತಾರೆ. ಮೂಲೆಯಾಗೆ ನಿಂತು ನಗ್ತಾರೆ. ಅವರಿಂದಾನೇ ನಾನು ಗೆರೆ ಎಳೆಯೋದು ಕಲ್ತಿದ್ದು. ನೀವು ಅಂಥೋರಲ್ಲ ಅನ್ಕೊಂಡಿದ್ದೆ.”

ಪ್ಲಗ್ ಹಾಕಿದಳು. ಹಳೇ ಬಣ್ಣ ಕೆರೆದು ಹೊಸ ಗೆರೆ ಎಳೆದಳು. ಈ ಸಲ ಊದಲಿಲ್ಲ.

“ಇನ್ನೊಂದು ಸಲ ಸುಳ್ಳು ರಿಪೇರಿ ತಂದ್ರೆ, ನಿಮ್ಮ ನಿಜದ ರಿಪೇರೀನೂ ನಾನು ಮುಟ್ಟಲ್ಲ. ಹೋಗ್ಬನ್ರಿ.”

ನಿಮ್ಮನ್ನು ನೋಡಬೇಕಿತ್ತು, ಅಷ್ಟೇ, ಅನ್ನುವ ಮಾತು ಲೋಹಿತನ ಬಾಯಿಗೆ ಬಂತು. ಅದಕ್ಕೆ ಮುಂಚೆ ಎಷ್ಟು ಡೈಲಾಗ್ ಹೊಡೆದಿದ್ದ ಅಂದರೆ, ಇದೂ ಅದರ ಪಕ್ಕದಲ್ಲೇ ಹೋಗಿ ಕೂರುತ್ತದೆ ಅನ್ನಿಸಿ ನುಂಗಿಕೊಂಡ.

ಇಪ್ಪತ್ತಮೂರು ದಿನ ಅವನು ಆ ಅಂಗಡಿಯ ಮುಂದೆ ಗಾಡಿ ನಿಧಾನ ಕೂಡ ಮಾಡಲಿಲ್ಲ. ಬೆಳಿಗ್ಗೆ ಬಾನೆಟ್ ಎತ್ತಿ ಎರಡೂ ಗೆರೆ ಸರಿಯಾಗಿವೆಯೇ ನೋಡುತ್ತಿದ್ದ. ಮೇಲೆ ಧೂಳು ಕೂತರೆ ಅಂಗಿಯ ತುದಿಯಿಂದ ಒರೆಸುತ್ತಿದ್ದ. ಎಣ್ಣೆ, ನೀರು ನೋಡುವುದನ್ನು ಮರೆತ ದಿನವೂ ಗೆರೆ ನೋಡುವುದನ್ನು ಮರೆಯಲಿಲ್ಲ.

ಇಪ್ಪತ್ತನಾಲ್ಕನೆಯ ದಿನ ಅವ್ವ ಬೋರಕ್ಕನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಚಳ್ಳಕೆರೆಗೆ ಹೊರಟ. ಬಿ.ಜಿ. ಕೆರೆ ದಾಟಿ ಸ್ವಲ್ಪ ದೂರಕ್ಕೆ ಮುಳ್ಳು ಕೆಂಪಿಗೆ ಹತ್ತಿತು. ಗಾಡಿ ಬದಿಗೆ ಹಾಕಿ ಇಂಜಿನ್ ಆರಿಸಿದ. ಫ್ಯಾನು ತಿರುಗುತ್ತಿರಲಿಲ್ಲ. ಹನ್ನೊಂದರ ಬಿಸಿಲು. ಎರಡೂ ಕಡೆ ಕಡಲೆಕಾಯಿ ಹೊಲ, ಒಂದು ಜಾಲಿಮರ.

“ಅಯ್ಯೋ ದೇವುಡಾ,” ಅಂದಳು ಬೋರಕ್ಕ. “ಆ ಚಳ್ಳಕೆರೆ ಮೇಸ್ತ್ರಿಗೆ ಫೋನ್ ಮಾಡಬಾರದೇನ್ಲಾ? ದಿನಾ ಬೆಳಿಗ್ಗೆ ಬಾನೆಟ್ಟಿನಾಗೆ ಪೂಜೆ ಮಾಡ್ತಿದ್ದೆಯಲ್ಲ.”

“ನಂಬಲ್ಲ ಕಣವ್ವ.”

“ಯಾಕೆ?”

“ನಂಬಂಗೆ ನಡಕೊಂಡಿಲ್ಲ.”

ಆದರೂ ಅವ್ವನ ಹಣೆಯ ಬೆವರು ನೋಡಿ ಮಾಡಿದ. ಎರಡನೇ ರಿಂಗಿಗೇ ವನಜಾಕ್ಷಿ ಎತ್ತಿದಳು.

“ಹೇಳ್ರಿ ಹೀರೋ. ಇವತ್ತು ಯಾವ ಸೀನು?”

“ಸೀನಿಲ್ಲ. ಫ್ಯಾನ್ ತಿರುಗ್ತಿಲ್ಲ. ಅವ್ವ ಜೊತೆಗದಾಳೆ.” ಇಷ್ಟೇ ಅಂದು ನಿಲ್ಲಿಸಿದ. ತನ್ನ ಬಾಯಿಂದ ಇಷ್ಟು ಚಿಕ್ಕ ಮಾತು ಬಂದದ್ದು ಅವನಿಗೇ ಹೊಸದು.

“ಗೆರೆ ಫೋಟೋ ಕಳಿಸ್ರಿ. ಎರಡೂ.”

ಕಳಿಸಿದ. ಪ್ಲಗ್ಗಿನ ಗೆರೆ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಡಬ್ಬಿಯ ಗೆರೆ ಇವತ್ತು ಎಳೆದ ಹಾಗೆ ಹೊಳೆಯುತ್ತಿತ್ತು. ಫೋನು ತಿರುಗಿ ಬಂತು. ಈಗ ದನಿ ಬೇರೆಯಾಗಿತ್ತು.

“ರೇಡಿಯೇಟರ್ ಮುಚ್ಚಳ ಮುಟ್ಟಬ್ಯಾಡ್ರಿ, ಮುಖ ಸುಡುತ್ತೆ. ಅವ್ವನ್ನ ಜಾಲಿಮರದ ನೆಳ್ಳಿಗೆ ಕೂರಿಸ್ರಿ. ಕೀ ಆನ್ ಮಾಡ್ರಿ, ಇಂಜಿನ್ ಬ್ಯಾಡ. ಡಬ್ಬಿ ಮೇಲೆ ಕೆಂಪು ಲೈಟ್ ಐತಾ?”

“ಐತೆ.”

“ಅಂದ್ರೆ ಕಂಟ್ರೋಲರ್ ಫ್ಯಾನಿಗೆ ಓಡು ಅಂತೈತೆ. ಒಳಗೆ ಟಕ್ ಅಂತ ಸದ್ದು ಬಂತಾ?”

“ಇಲ್ಲ.”

“ರಿಲೇ ಸತ್ತೈತೆ. ಡಬ್ಬಿ ಬಿಚ್ರಿ. ಮುಚ್ಚಳದ ಒಳಗಡೆ ಇನ್ನೊಂದು ರಿಲೇ ಟೇಪ್ ಹಾಕಿ ಅಂಟಿಸೀನಿ. ಹಳೇದು ಕಿತ್ತು ಅದನ್ನ ಒತ್ರಿ.”

ಲೋಹಿತ ಸ್ಕ್ರೂಡ್ರೈವರ್ ಹಿಡಿದು ನಿಂತ. ಬಿಚ್ಚಲಿಲ್ಲ.

“ಏನಾತು?”

“ಬಿಚ್ಚಿದ್ರೆ ಗೆರೆ ಒಡೆಯುತ್ತಲ್ರಿ.”

“ಒಡೀರಿ,” ಅಂದಳು ವನಜಾಕ್ಷಿ, ಮೆಲ್ಲಗೆ. “ನಾನೇ ಹೇಳ್ತಿದೀನಲ್ಲ.”

ಗೆರೆ ಸಣ್ಣಗೆ ಚಿಟಕ್ ಅಂದಿತು. ರಿಲೇ ಕೂತಿತು. ಡಬ್ಬಿಯೊಳಗೆ ಟಕ್ ಅಂದು ಫ್ಯಾನು ಸುಯ್ಯೆಂದು ತಿರುಗತೊಡಗಿದಾಗ ಬೋರಕ್ಕ ನೆರಳಿನಿಂದಲೇ ಕೈ ಮುಗಿದಳು. ಯಾರಿಗೆ ಅಂತ ಹೇಳಲಿಲ್ಲ.

ಬಿಸಿ ಪೂರ್ತಿ ಇಳಿಯುವವರೆಗೆ ಕಾದು, ನೀರು ತುಂಬಿ, ಒಂದು ಗಂಟೆಯ ಹೊತ್ತಿಗೆ ಚಳ್ಳಕೆರೆ ಸೇರಿದರು. ಅಂಗಡಿಯ ಬಾಗಿಲಲ್ಲಿ ವನಜಾಕ್ಷಿ ನಿಂತಿದ್ದಳು. ಬೋರಕ್ಕನಿಗೆ ಸ್ಟೂಲು ಹಾಕಿ ನೀರು ಕೊಟ್ಟು, ಮೊದಲು ಅವಳಿಗೇ ಹೇಳಿದಳು.

“ತಪ್ಪು ನಂದಮ್ಮ. ಈ ಫ್ಯಾನು ಶುರುವಾಗೋವಾಗ ಮೂವತ್ತು ಆಂಪಿಯರ್ ಕರೆಂಟ್ ಎಳೆಯುತ್ತೆ. ನಾನು ಸರಿಯಾಗಿ ಮೂವತ್ತರ ರಿಲೇ ಹಾಕಿದ್ದೆ. ನಲವತ್ತರದ್ದು ಹಾಕಬೇಕಿತ್ತು. ನಿಮ್ಮನ್ನ ಬಿಸಿಲಾಗೆ ನಿಲ್ಲಿಸಿಬಿಟ್ಟೆ.”

“ಇರ್ಲಿ ಬಿಡವ್ವ. ನಮ್ಮೋನು ತಪ್ಪು ಒಪ್ಪಿದ್ದು ನಾನು ಇವತ್ತೇ ನೋಡಿದ್ದು. ಈಗ ನೀನೂ ಒಪ್ತೀಯ. ಒಳ್ಳೇ ದಿನ,” ಅಂದ ಬೋರಕ್ಕ ಶಿವಮೂರ್ತಪ್ಪನ ಕಡೆ ತಿರುಗಿ, ಅವರ ಕಣ್ಣು ಯಾವ ಡಾಕ್ಟರು ನೋಡಿದ್ದು ಅಂತ ವಿಚಾರಣೆ ಶುರು ಮಾಡಿದಳು.

ಲೋಹಿತ ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದ. ಸುಟ್ಟ ರಿಲೇ. “ಕಿತ್ತ ಸಾಮಾನು ತಂದೀನಿ. ನಿಜವಾಗ್ಲೂ ಕೆಟ್ಟಿತ್ತು ಅಂತ ತೋರ್ಸಾಕೆ.”

“ಬೇಕಿರಲಿಲ್ಲ.” ಆದರೂ ತೆಗೆದುಕೊಂಡಳು.

ದೊಡ್ಡ ರಿಲೇ ಕೂರಿಸುವವರೆಗೆ ಅವನು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತ. ಎಷ್ಟೋ ಮಾತು ಬಾಯಿಗೆ ಬಂದವು, ಎಲ್ಲ ಯಾವುದೋ ಹೀರೋ ಯಾವುದೋ ಬೆಟ್ಟದ ಮೇಲೆ ನಿಂತು ಹೇಳಿದಂಥವೇ. ಒಂದೊಂದನ್ನೇ ಬದಿಗಿಟ್ಟ. ಕೊನೆಗೆ ಏನೂ ಉಳಿಯದೆ ಇದ್ದಾಗ ಬಾಯಿ ಬಿಟ್ಟ.

“ಆವತ್ತು ಪ್ಲಗ್ ಕಿತ್ತಿದ್ದು ನಿಮ್ಮನ್ನ ಪರೀಕ್ಷೆ ಮಾಡಾಕಲ್ಲ. ನೋಡ್ಬೇಕಿತ್ತು. ಬರಾಕೆ ಬೇರೆ ನೆಪ ಇರಲಿಲ್ಲ.”

ವನಜಾಕ್ಷಿ ಮುಚ್ಚಳದ ಸ್ಕ್ರೂ ಬಿಗಿ ಮಾಡುತ್ತಲೇ ಇದ್ದಳು. ಬಿಗಿಯಾದ ಮೇಲೂ ಇನ್ನೆರಡು ಸುತ್ತು ತಿರುಗಿಸಲು ನೋಡಿದಳು.

“ಇವತ್ತಿಂದು ಯಾವ ಪಿಕ್ಚರ್ ಡೈಲಾಗು?”

“ಯಾವುದೂ ಅಲ್ಲ. ಅದಕ್ಕೇ ಅಷ್ಟು ಚೆನ್ನಾಗಿಲ್ಲ.”

ಈ ಸಲ ಅವಳ ತುಟಿಯ ತುದಿ ಮೇಲೆದ್ದದ್ದು ಕೆಳಗಿಳಿಯಲಿಲ್ಲ. ಗುಲಾಬಿ ಸೀಸೆ ತೆಗೆದು ಡಬ್ಬಿಯ ಮೇಲೆ ಗೆರೆ ಎಳೆದಳು, ಬಗ್ಗಿ ಊದಿದಳು. ಬ್ರಶ್ಶಿನಲ್ಲಿ ಒಂದು ಹನಿ ಉಳಿದಿತ್ತು. ಟಾರ್ಚ್ ಹಿಡಿದಿದ್ದ ಅವನ ಹೆಬ್ಬೆರಳಿನ ಉಗುರಿಗೆ ಅದನ್ನು ಅಡ್ಡಕ್ಕೆ ಎಳೆದು, ಏನೂ ಮಾಡದವಳ ಹಾಗೆ ಸೀಸೆ ಮುಚ್ಚಿದಳು.

“ಗಾಡಿ ಇನ್ನು ಕೆಡಲ್ಲ,” ಅಂದಳು.

“ಗೊತ್ತು.” ಅವನ ಮುಖ ಸಪ್ಪಗಾಯಿತು. ಈ ಸಲ ನಾಟಕವಿರಲಿಲ್ಲ.

“ಭಾನುವಾರ ಅಂಗಡಿ ರಜಾ.”

“ಅದೂ ಗೊತ್ತು.”

“ಭಾನುವಾರ ಬನ್ರಿ.”

ಸಂಜೆ ಡಾಕ್ಟರನ್ನು ಕಂಡು ವಾಪಸ್ ಬರುವಾಗ ಲೋಹಿತ ಹೆಬ್ಬೆರಳನ್ನು ಸ್ಟಿಯರಿಂಗಿಗೆ ತಾಗದ ಹಾಗೆ ಮೇಲೆತ್ತಿಕೊಂಡೇ ಗಾಡಿ ಓಡಿಸಿದ. ತಳಕು ದಾಟಿತು, ಬಿ.ಜಿ. ಕೆರೆ ಬಂತು. ಫ್ಯಾನು ತಾನೇ ಶುರುವಾಯಿತು, ತಾನೇ ನಿಂತಿತು.

“ಬೆರಳಿಗೆ ಏನಾತ್ಲಾ? ಗಾಯನಾ?” ಬೋರಕ್ಕ ಕೇಳಿದಳು.

“ಇಲ್ಲವ್ವ. ಇನ್ನೂ ಒಣಗಿಲ್ಲ.”

ಕಣ್ಣಿಗೆ ಡಾಕ್ಟರು ಹಾಕಿದ ಔಷಧಿಯಿಂದ ಅವಳಿಗೆ ಎಲ್ಲವೂ ಮಸುಕಾಗಿತ್ತು. ಆದರೂ ಮಗನ ಕೈ ಹಿಡಿದು ಹತ್ತಿರಕ್ಕೆ ಎಳೆದು ನೋಡಿದಳು, ಬಗ್ಗಿ ಒಮ್ಮೆ ಊದಿ, ಬಿಟ್ಟಳು.