ಹೊಂಗೇಕಟ್ಟೆ ವಾರ್ಡಿನ ಸರ್ವಾನುಮತ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊಂಗೇಕಟ್ಟೆ ವಾರ್ಡಿನ ನಾಗರಿಕರ ಸಭೆ ಆರಂಭವಾಯಿತು. ನಲವತ್ತು ಸೆಕೆಂಡಿಗೆ ಮುಗಿಯಿತು. ಹಾಜರಾತಿ ನೂರಕ್ಕೆ ನೂರು. ಆದರೆ ಸಭಾಭವನದಲ್ಲಿ ಮನುಷ್ಯರು ಒಬ್ಬರೂ ಇರಲಿಲ್ಲ. ಗೋಡೆಯುದ್ದದ ಕಪಾಟುಗಳಲ್ಲಿ ಕುಳಿತಿದ್ದ, ಸೋಪಿನ ಡಬ್ಬಿಯಷ್ಟು ದೊಡ್ಡ ಸಾವಿರದ ನೂರ ನಲವತ್ತು ಯಂತ್ರಗಳು ಒಂದೇ ಸಲ ಹಸಿರು ದೀಪ ಹೊತ್ತಿಸಿದವು. ಪಾದಚಾರಿ ದಾರಿಯ ಮೇಲೆ ನಿಂತಿರುವುದನ್ನೆಲ್ಲ ತೆಗೆಸತಕ್ಕದ್ದು ಎಂಬ ನಿರ್ಣಯ ಪಾಸಾಯಿತು.

ಈ ಯಂತ್ರದ ಹೆಸರು ಪ್ರತಿಪೌರ. ಮನೆಗೊಂದರಂತೆ ಕೊಟ್ಟು ಸಭಾಭವನದಲ್ಲೇ ಇರಿಸಿದ್ದರು. ಕೊಡುವಾಗ ಮನೆಯವರು ಮುನ್ನೂರು ಪ್ರಶ್ನೆಗಳಿಗೆ ಒಮ್ಮೆ ಉತ್ತರಿಸಬೇಕು. ಆಮೇಲೆ ಅದೇ ಸಭೆಗೆ ಹಾಜರಾಗುತ್ತದೆ, ಅದೇ ಚರ್ಚಿಸುತ್ತದೆ, ಅದೇ ಮತ ಹಾಕುತ್ತದೆ. ನಗರಸಭೆ ವಾರಕ್ಕೊಂದು ಪ್ರಶ್ನೆ ಎತ್ತಿಕೊಂಡರೆ ಡಬ್ಬಿಗಳು ತಂತಮ್ಮ ಒಡೆಯರ ಅಭಿಪ್ರಾಯ ಹೇಳಿ ತೀರ್ಮಾನ ಮಾಡುತ್ತವೆ. ಜನ ಸಭೆ ಸಮಿತಿಗಳಿಗೆಲ್ಲ ಎಳ್ಳುನೀರು ಬಿಟ್ಟು ನಿಶ್ಚಿಂತರಾಗಿದ್ದರು. ಆರು ವರ್ಷಗಳಲ್ಲಿ ವಿರೋಧದ ಮತ ಒಂದೂ ಬಿದ್ದಿರಲಿಲ್ಲ. ಪ್ರತಿಪೌರವನ್ನು ಕಂಡುಹಿಡಿದ ಡಾ. ಅನಿಕೇತ ಅದೇ ವಾರ್ಡಿನವರು. ಈ ಸಾಧನೆಗೆ ಅವರಿಗೆ ಮೂರು ಶಾಲು, ಎರಡು ಪೇಟ ಬಂದಿದ್ದವು.

ಇಡೀ ವಾರ್ಡಿನಲ್ಲಿ ಪಾದಚಾರಿ ದಾರಿಯ ಮೇಲೆ ನಿಂತಿದ್ದದ್ದು ಒಂದೇ ಒಂದು ವಸ್ತು: ಸಭಾಭವನದ ಮುಂದಿನ ಸಿಂಚನಮ್ಮನ ಇಸ್ತ್ರಿ ಬಂಡಿ. ಚಂದ್ರನ ಮೇಲೆ ಹೋಟೆಲು ತೆರೆದ ಕಾಲದಲ್ಲೂ ಅಂಗಿಯ ಕಾಲರನ್ನು ಸರಿಯಾಗಿ ಕೂರಿಸುವ ಯಂತ್ರವನ್ನು ಯಾರೂ ಮಾಡಿರಲಿಲ್ಲ. ಆದ್ದರಿಂದ ಅವಳ ಹೊಟ್ಟೆಪಾಡು ನಡೆಯುತ್ತಿತ್ತು. ಒಂದು ಸಭೆಯ ನಿರ್ಣಯವನ್ನು ಮುಂದಿನ ಸಭೆಯಲ್ಲಿ ಓದಿ ದೃಢಪಡಿಸಿದ ಮೇಲಷ್ಟೇ ಜಾರಿ ಮಾಡಬೇಕೆಂಬ ಹಳೆಯ ನಿಯಮವೊಂದು ಪುಣ್ಯಕ್ಕೆ ಉಳಿದಿತ್ತು. ಅವಳಿಗೆ ಒಂದು ವಾರ ಸಿಕ್ಕಿತು.

ಮಂಗಳವಾರ ಸಿಂಚನಮ್ಮ ಅನಿಕೇತರ ಅಂಗಿಗಳನ್ನು ಕೊಡುವ ನೆಪದಲ್ಲಿ ಅವರ ಪ್ರಯೋಗಾಲಯಕ್ಕೇ ಬಂದಳು.

"ಯಾರು ಸ್ವಾಮಿ ನನ್ ಹೊಟ್ಟೆ ಮೇಲೆ ಹೊಡೀತಿರೋದು? ಮನೆಮನೆಗೆ ಹೋಗಿ ಕೇಳ್ದೆ. ಎಲ್ರೂ 'ನಾವಲ್ಲಮ್ಮ, ಬೇರೆಯೋರು' ಅಂತಾರೆ. ಎಲ್ರೂ ಅಲ್ಲ ಅಂದ್ರೆ ಇನ್ಯಾರು?"

"ಪ್ರಜಾಪ್ರಭುತ್ವ ಸಿಂಚನಮ್ಮ. ಸರ್ವಾನುಮತ! ನಾನೇನು ಮಾಡೋಕಾಗುತ್ತೆ?"

"ನಿಮ್ ಡಬ್ಬಿ ಯಾಕೆ ಹ್ಞೂಂ ಅಂತು? ನಿಮಗೆ ನನ್ ಬಂಡಿ ಬೇಡ್ವಾ?"

ಅನಿಕೇತ ತಮ್ಮ ಅಂಗಿಯ ಕಾಲರ್ ಮುಟ್ಟಿಕೊಂಡರು. ಬಂಡಿ ಬೇಕೇ ಬೇಕಾಗಿತ್ತು. ಕುತೂಹಲದಿಂದ ತಮ್ಮ ಪ್ರತಿಪೌರದ ಸ್ಮೃತಿಯನ್ನು ಪರದೆಯ ಮೇಲೆ ತೆರೆದರು. ಮುನ್ನೂರೂ ಪ್ರಶ್ನೆಗಳ ಮುಂದೆ ಒಂದೇ ಉತ್ತರವಿತ್ತು: 'ಎಲ್ಲರಂತೆ'. ಅವಸರದವರ ಅನುಕೂಲಕ್ಕೆಂದು ನಮೂನೆಯ ಕೊನೆಯಲ್ಲಿ ಅವರೇ ಇಟ್ಟಿದ್ದ ಗುಂಡಿ ಅದು. ಅದನ್ನು ಒತ್ತಿದವರ ಯಂತ್ರ ಉಳಿದವರು ಏನೆನ್ನುತ್ತಾರೋ ನೋಡಿ ಅದನ್ನೇ ಹೇಳುತ್ತದೆ.

"ಅವತ್ತು ಸ್ವಲ್ಪ ಕೆಲಸ ಇತ್ತು," ಎಂದು ಗೊಣಗುತ್ತ ಪಕ್ಕದ ಮನೆಯದನ್ನು ತೆರೆದರು. 'ಎಲ್ಲರಂತೆ.' ಎದುರು ಮನೆಯದೂ ಅದೇ. ಒಂದು ಗಂಟೆಯ ಹೊತ್ತಿಗೆ ವಿಜ್ಞಾನಿಯ ಹಣೆ ಬೆವೆತಿತ್ತು. ಸಾವಿರದ ನೂರ ಮೂವತ್ತೊಂಬತ್ತು ಮನೆಯವರಿಗೂ ಅವತ್ತು ಸ್ವಲ್ಪ ಕೆಲಸ ಇತ್ತು!

"ಒಬ್ಬರು ಮಾತ್ರ ಎಲ್ಲಕ್ಕೂ ಉತ್ತರ ಬರೆದಿದ್ದಾರೆ," ಎಂದರು ಅನಿಕೇತ. "ಆರು ವರ್ಷದಿಂದ ಈ ವಾರ್ಡು ನಡೀತಿರೋದು ಆ ಒಬ್ಬರ ಮಾತಿನ ಮೇಲೆ. ಡಬ್ಬಿ ನಂಬರ್ ಆರುನೂರ ಹದಿನಾಲ್ಕು."

"ಅದು ನಂದಲ್ವಾ?" ಎಂದಳು ಸಿಂಚನಮ್ಮ.

ಹೌದು, ಅವಳದೇ. ಸರ್ಕಾರ ಕೇಳಿದ ಮೇಲೆ ಹೇಳಬೇಕಲ್ಲ ಎಂದು ಹನ್ನೊಂದು ದಿನ, ಬಟ್ಟೆಗಳ ನಡುವೆ ಬಿಡುವು ಮಾಡಿಕೊಂಡು ಬರೆದಿದ್ದಳು. ಬಸ್ ನಿಲ್ದಾಣದಲ್ಲಿ ಹೆಂಗಸರಿಗೆ ಶೌಚಾಲಯ ಬೇಕು ಎಂದಿದ್ದಳು, ಬಂದಿತ್ತು. ಮೂಲೆಯಲ್ಲೊಂದು ಕುಡಿಯುವ ನೀರಿನ ನಲ್ಲಿ ಎಂದಿದ್ದಳು, ಅದೂ ಬಂದಿತ್ತು. ಕಸದ ಗಾಡಿ ಬೆಳಿಗ್ಗೆ ಐದಕ್ಕೆ ಬರಲಿ ಎಂದಿದ್ದಳು, ಏಕೆಂದರೆ ಅವಳು ಏಳುವುದು ನಾಲ್ಕೂವರೆಗೆ. ಅಂದಿನಿಂದ ಇಡೀ ವಾರ್ಡು ಕಣ್ಣುಜ್ಜಿಕೊಳ್ಳುತ್ತ, ಯಾರಿಗೆ ಬೇಕಾಗಿತ್ತೋ ಈ ಐದು ಗಂಟೆ ಎಂದು ಶಪಿಸುತ್ತ, ಕಸದ ಬುಟ್ಟಿ ಹಿಡಿದು ನಿಲ್ಲುತ್ತಿತ್ತು.

"ನಮ್ ವಾರ್ಡಿನ ಜನ ಎಷ್ಟು ಒಳ್ಳೆಯೋರು, ನನ್ ಹಾಗೇ ಯೋಚ್ನೆ ಮಾಡ್ತಾರೆ ಅಂದ್ಕೊಂಡಿದ್ದೆ," ಎಂದಳು. ನಕ್ಕಳು. ಆಮೇಲೆ ಕುರ್ಚಿ ಹುಡುಕಿ ಕುಳಿತಳು. "ಪಾದಚಾರಿ ದಾರಿ ತೆರವಾಗಿರ್ಲಿ ಅಂತ ಬರ್ದಿದ್ದೂ ನಾನೇ. ನಮ್ ವೀಣೆ ಮೇಷ್ಟ್ರಿಗೆ ಕಣ್ಣು ಕಾಣಲ್ಲ, ದಿನಾ ಕೋಲು ತಟ್ಕೊಂಡು ಹೋಗ್ತಾರೆ. ನನ್ ಬಂಡೀನೂ ಅಡ್ಡ ಅಂತ ಹೊಳೀಲೇ ಇಲ್ಲ ನೋಡಿ."

"ಇಷ್ಟೇ ತಾನೇ? ಈಗ ಆ ಉತ್ತರ ಬದಲಾಯಿಸಿಬಿಡಿ. ಭಾನುವಾರ ಇಡೀ ವಾರ್ಡು ನಿಮ್ಮ ಹಿಂದೆ ನಿಲ್ಲುತ್ತೆ."

"ಬದಲಾಯ್ಸಿದ್ರೆ ಮೇಷ್ಟ್ರು ರಸ್ತೆಗೆ ಇಳೀಬೇಕು. ಬದಲಾಯ್ಸದಿದ್ರೆ ನಾನು ಬೀದಿಗೆ ಬೀಳ್ಬೇಕು." ಅವಳಿಗೆ ಸಿಟ್ಟು ಬಂದಿತ್ತು. ಅಳುವೂ ಬಂದಿತ್ತು. "ಆರು ವರ್ಷ ಊರಿಗೆಲ್ಲ ನಾನೊಬ್ಳೇ ತಲೆ ಕೆಡಿಸ್ಕೊಂಡಿದ್ದು ಸಾಕು ಸ್ವಾಮಿ. ಎಲ್ಲಿ ಆ ಗುಂಡಿ?"

ಅನಿಕೇತ ತಡೆಯುವ ಮೊದಲೇ ಒತ್ತಿಬಿಟ್ಟಳು. ಎಲ್ಲರಂತೆ.

ಭಾನುವಾರದ ಸಭೆ ಹತ್ತಕ್ಕೆ ಆರಂಭವಾಯಿತು, ಮುಗಿಯಲಿಲ್ಲ. ಪ್ರತಿಯೊಂದು ಡಬ್ಬಿಯೂ ಉಳಿದವನ್ನು "ನೀವೇನಂತೀರಿ?" ಎಂದು ಕೇಳುತ್ತಿತ್ತು. ಬಂಡಿಯ ನಿರ್ಣಯ ದೃಢವಾಗಲಿಲ್ಲ. ಕಸದ ಗಾಡಿಗೂ ಬೀದಿದೀಪಕ್ಕೂ ಕೊಡುವ ವಾರದ ಒಪ್ಪಿಗೆಯೂ ಹೊರಡಲಿಲ್ಲ. ಗುರುವಾರದ ಹೊತ್ತಿಗೆ ಮನೆಗಳ ಮುಂದೆ ಕಸ ನಾರತೊಡಗಿತು. ಜನ ಮೂಗು ಮುಚ್ಚಿಕೊಂಡು ಸಭಾಭವನದ ಮುಂದೆ ಸೇರಿದರು. ಆರು ವರ್ಷಗಳಲ್ಲಿ ಮೊದಲ ಬಾರಿಗೆ ಒಬ್ಬರ ಮುಖ ಒಬ್ಬರು ನೋಡಿದರು. ನೋಡಿದ್ದೇ ತಡ, ಜಗಳ ಶುರುವಾಯಿತು. ಎಂಥ ಜಗಳ! ಐದು ಗಂಟೆ ಯಾರಿಗೆ ಬೇಕಾಗಿತ್ತು ಎಂದೊಬ್ಬರು, ಬಂಡಿ ತೆಗೆಯಬಾರದು ಎಂದೊಬ್ಬರು, ತೆಗೆಯಲೇಬೇಕು ಎಂದು ಮತ್ತೊಬ್ಬರು. ಅನಿಕೇತ ಒಂದು ಮೂಲೆಯಲ್ಲಿ ಕಳ್ಳನಂತೆ ನಿಂತಿದ್ದರು.

ಅಷ್ಟರಲ್ಲಿ ವೀಣೆ ಮೇಷ್ಟ್ರ ಕೋಲು ಬಂಡಿಯ ಗಾಲಿಗೆ ತಗುಲಿತು. ಗಲಾಟೆ ನಿಂತಿತು.

"ಇದನ್ನ ಒಳಗೆ ತಳ್ಳಿದ್ರೆ ಆಗಲ್ವಾ?" ಎಂದರು ಮೇಷ್ಟ್ರು, ಸಭಾಭವನದ ಕಡೆ ಕೋಲು ತೋರಿಸಿ. "ಅಲ್ಲಿ ಹೇಗೂ ಯಾರೂ ಇರಲ್ವಲ್ಲ."

ಎಲ್ಲರೂ ಬೆಪ್ಪಾದರು. ಬೇಕು ಬೇಡಗಳ ಮುನ್ನೂರು ಪ್ರಶ್ನೆಗಳಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಬೀಗದ ಕೈ ಯಾರ ಬಳಿಯೂ ಇರಲಿಲ್ಲವಾದ್ದರಿಂದ ಬೀಗ ಒಡೆದರು. ಇಪ್ಪತ್ತು ಕೈಗಳು ಸೇರಿ ಬಂಡಿಯನ್ನು ಒಳಗೆ ತಳ್ಳಿದವು.

ಅಂದಿನಿಂದ ಭಾನುವಾರ ಜನ ಬಟ್ಟೆಗಂಟು ಹಿಡಿದು ಸಭಾಭವನಕ್ಕೆ ಬರತೊಡಗಿದರು. ಬಟ್ಟೆ ಆಗುವವರೆಗೆ ಕಾಯಬೇಕು, ಕಾಯುವಾಗ ಮಾತಾಡಲೇಬೇಕು. ಹೊಸ ಸಭೆಯ ಮೊದಲ ಪ್ರಶ್ನೆ ಕಸದ ಗಾಡಿಯ ಹೊತ್ತು. ಏಳು ಗಂಟೆಗೆ ಬರಲಿ ಎಂದವರು ಐವತ್ತೆಂಟು ಮಂದಿ. ಐದಕ್ಕೇ ಇರಲಿ ಎಂದು ಎದ್ದದ್ದು ಒಂದೇ ಕೈ, ಅದರಲ್ಲಿ ಇಸ್ತ್ರಿ ಪೆಟ್ಟಿಗೆಯಿತ್ತು.

"ಸೋತಿರಿ ಸಿಂಚನಮ್ಮ," ಎಂದರು ಅನಿಕೇತ.

"ಹೌದು ಸ್ವಾಮಿ," ಎಂದಳು. ಅವಳ ಮುಖ ಅರಳಿತ್ತು. "ಅಬ್ಬ, ಕೊನೆಗೂ ಯಾರೋ ಬೇಡ ಅಂದ್ರಲ್ಲ."

ಮತ್ತೆ ಅವರ ಅಂಗಿಯ ಕಾಲರಿಗೆ ನೀರು ಚಿಮುಕಿಸಿದಳು.