ಮುಸುಕಿನ ಬಾಕ್ಸರ್ ಮತ್ತು ಒಂದು ಜೊತೆ ಎತ್ತು

"ನನ್ನ ಬಾಕ್ಸರ್ ಕರಾರು ಮುರಿದ ಸಾಹೇಬ್ರೇ! ಹಾಡಹಗಲೇ ಮುರಿದ!"

ಸೋಮವಾರ ಬೆಳಿಗ್ಗೆ ಹುಚ್ಚರಾಯಪ್ಪನವರ ಜಗಲಿಯ ಮೇಲೆ ನಿಂತು ಹೀಗೆ ಕೂಗಿದವನು ಲೋಕಪ್ಪ. ಗದ್ದದಿಂದ ನೆತ್ತಿಯವರೆಗೆ ಟವೆಲ್ ಸುತ್ತಿ ಗಂಟು ಹಾಕಿಕೊಂಡಿದ್ದ. ಎಡಗೆನ್ನೆ ಬನ್ನಿನ ಹಾಗೆ ಊದಿತ್ತು.

"ಇದೇನಯ್ಯ ಕೆನ್ನೆ?" ಎಂದರು ಹುಚ್ಚರಾಯಪ್ಪನವರು.

"ಹಲ್ಲುನೋವು ರೀ. ಅದು ಹಾಳಾಗ್ಲಿ, ನನ್ನ ಗೋಳು ಕೇಳಿ."

ಲೋಕಪ್ಪ ಮಿಲಿಟರಿಯಲ್ಲಿದ್ದಾಗ ಬಾಕ್ಸಿಂಗ್ ಕಲಿತವನು. ಶಿಕಾರಿಪುರಕ್ಕೆ ಮರಳಿದ ಮೇಲೆ ಡೇರೆ ಹಾಕಿ, ಟಿಕೆಟ್ ಇಟ್ಟು ಪಂದ್ಯ ನಡೆಸತೊಡಗಿದ. ಕುಸ್ತಿ ನೋಡಿ ಬೆಳೆದ ನಮ್ಮ ಜನಕ್ಕೆ ಕೈಗೆ ದಿಂಬು ಕಟ್ಟಿಕೊಂಡು ಗುದ್ದಾಡುವುದು ಹೊಸ ತಮಾಷೆ. ಆ ಡೇರೆಯ ಹುಲಿ ಹೊಸಬಾಳೆಯ ಕೆಂಪಪ್ಪ. ಇಪ್ಪತ್ತೆರಡರ ಪ್ರಾಯ, ಲೋಕಪ್ಪನ ಹಾಗೇ ಬಾಗಿಲು ತುಂಬುವ ಆಳು. ಉಣ್ಣಲು ಕೂತರೆ ಎಲೆಯಲ್ಲಿ ಒಂದಗುಳೂ ಉಳಿಸದವನು.

ಇಬ್ಬರ ನಡುವಿನ ಕರಾರಿಗೆ ಸಾಕ್ಷಿ ಹಾಕಿದವರು ನಾವೇ— ರಿಟೈರ್ಡ್ ಸಬ್ ಇನ್ಸ್‌ಪೆಕ್ಟರ್ ಹುಚ್ಚರಾಯಪ್ಪನವರು ಮತ್ತು ಪಕ್ಕದ ಮನೆಯ ಮೇಷ್ಟ್ರಾದ ನಾನು. ಮೂರು ವರ್ಷ ಕೆಂಪಪ್ಪ ಬೇರೆಲ್ಲೂ ಗುದ್ದಾಡಕೂಡದು. ಆಡಿದರೆ ಅವನ ಜೋಡೆತ್ತು ಲೋಕಪ್ಪನಿಗೆ. ಲೋಕಪ್ಪ ಅವನನ್ನು ಮನೆಯಲ್ಲಿಟ್ಟುಕೊಂಡು ಹೊಟ್ಟೆ ತುಂಬ ಊಟ ಹಾಕಬೇಕು. ನಡುವೆ ಕೈಬಿಟ್ಟರೆ ಡೇರೆ, ಗ್ಲೌಸು ಎಲ್ಲ ಕೆಂಪಪ್ಪನಿಗೆ.

"ನಿನ್ನೆ ಮಧ್ಯಾಹ್ನ ಸೊರಬದಲ್ಲಿ ತೋಟಪ್ಪನ ಡೇರೆ," ಎಂದ ಲೋಕಪ್ಪ. "ಅವನ ಬಾಕ್ಸರ್ ಯಲ್ಲಪ್ಪನ ಎದುರಿಗೆ ಯಾರು ಬೇಕಾದ್ರೂ ಬರಬಹುದು ಅಂತ ಡಂಗುರ ಹೊಡೆಸಿದ್ರು. ಮುಖಕ್ಕೆ ಕರಿ ಮುಸುಕು ಹಾಕ್ಕೊಂಡು ಒಬ್ಬ ಬಂದ. ಕೆಂಪು ಮಕಮಲ್ ಚಡ್ಡಿ, ಅದರ ಮೇಲೆ ಹುಲಿ ಕಸೂತಿ! ಅದು ಯಾರದು? ಕೆಂಪಪ್ಪಂದು! ಪ್ರತಿ ಸುತ್ತಿಗೂ ಮುಂಚೆ ಎರಡು ಸಲ ಎಗರಿ ತೊಡೆ ತಟ್ಟಿದ. ಹಂಗೆ ತಟ್ಟೋನು ಯಾರು? ಕೆಂಪಪ್ಪ! ಬಸ್ಸಿನಲ್ಲಿ ಬಂದೋರದೆಲ್ಲ ಅದೇ ಮಾತು."

"ನೀನು ಎಲ್ಲಿದ್ದೆ?"

"ಹಲ್ಲು ತೋರಿಸೋಕೆ ಶಿವಮೊಗ್ಗಕ್ಕೆ ಹೋಗಿದ್ದೆ. ಹಿಂದಿರುಗಿ ನೋಡ್ತೀನಿ, ನನ್ನ ಟ್ರಂಕಿನ ಬೀಗ ಒಡೆದಿದೆ, ಒಳಗಿಟ್ಟಿದ್ದ ಅವನ ಚಡ್ಡಿ ಇಲ್ಲ. ಸಾಹೇಬ್ರೇ, ನ್ಯಾಯ ಹೇಳಿ. ನನಗೆ ಎತ್ತು ಕೊಡಿಸಿ."

ಕೆಂಪಪ್ಪನನ್ನು ಕರೆಸಿದೆವು. ಅವನ ಹಿಂದೆಯೇ ಅವನ ತಾಯಿ ತಿಮ್ಮಮ್ಮ, ಕಣ್ಣೊರೆಸಿಕೊಳ್ಳುತ್ತ.

"ಕರುಗಳಾಗಿದ್ದಾಗಿಂದ ಸಾಕೀನಿ ಸ್ವಾಮಿ. ಮಳೆ ಬಿದ್ರೆ ಉಳುಮೆಗೆ ಏನು ಕಟ್ಟಲಿ? ಇವನನ್ನ ಕಟ್ಟಲಾ?"

"ಭಾನುವಾರ ಎಲ್ಲಿದ್ದಿ ಕೆಂಪಪ್ಪ?"

"ಅಂಬ್ಲಿಗೊಳದ ಕೆರೆಯಲ್ಲಿ ಎತ್ತಿನ ಮೈ ತೊಳೀತಿದ್ದೆ."

"ನೋಡಿದವರು?"

"ಎತ್ತು."

ಲೋಕಪ್ಪ "ಕೇಳಿದ್ರಾ?" ಎಂದು ನಗಲು ಹೋಗಿ, ನೋವಿಗೆ ಕೆನ್ನೆ ಹಿಡಿದುಕೊಂಡ. ಹುಚ್ಚರಾಯಪ್ಪನವರು ಅವನನ್ನು ಮನೆಗೆ ಕಳಿಸಿ ಮತ್ತೆ ಕೇಳಿದರು.

"ಆ ಎಗರೋದು, ತೊಡೆ ತಟ್ಟೋದು— ಎಲ್ಲಿ ಕಲಿತೆ?"

"ಲೋಕಪ್ಪಣ್ಣನೇ ಕಲಿಸಿದ್ದು. ಎಲ್ಲಾ ಅವನದೇ ರೀ. ಮೊದಲನೇ ದಿನ ಬಾಯಿ ತೆಗೆದು ತೋರಿಸಿದ. ಮಿಲಿಟರಿಯಲ್ಲಿ ಒಂದೇ ಏಟಿಗೆ ಎಡಗಡೆ ದವಡೆ ಹಲ್ಲೆಲ್ಲ ಹೋದವಂತೆ. ಕೈ ಕೆಳಗಿಳಿಸಬೇಡ ಅಂದ." ಅವನ ದನಿ ಕುಗ್ಗಿತು. "ಅಂಥ ಅಣ್ಣ ನನ್ನನ್ನ ಕಳ್ಳ ಅಂದುಬಿಟ್ಟ."

ನನಗಂತೂ ಹುಡುಗ ಸಿಕ್ಕಿಬಿದ್ದ ಅನಿಸಿತು. ಚಡ್ಡಿ ಅವನದು, ಕುಣಿತ ಅವನದು, ಸಾಕ್ಷಿಗೆ ಎತ್ತು ಮಾತ್ರ.

"ಮೇಷ್ಟ್ರೇ, ಸೊರಬದ ಬಸ್ಸು ಹಿಡಿಯೋಣ ನಡೀರಿ," ಎಂದರು ಹುಚ್ಚರಾಯಪ್ಪನವರು.

ಸೊರಬದಲ್ಲಿ ತೋಟಪ್ಪ ಡೇರೆಯ ಹಗ್ಗ ಬಿಗಿಸುತ್ತಿದ್ದ.

"ಯಾರೋ ಏನೋ ನನಗೆ ಗೊತ್ತಿಲ್ಲ ಮಾರಾಯ್ರೆ! ಮುಸುಕು ತೆಗೀಲೇ ಇಲ್ಲ. ಮಾತೂ ಆಡಲಿಲ್ಲ."

"ಗೆದ್ದನಾ?"

"ಎಲ್ಲಿ! ಮೊದಲ ಎರಡು ಸುತ್ತು ಚೆನ್ನಾಗಿ ನಿಂತ. ಮೂರನೇದರಲ್ಲಿ ನಮ್ಮ ಯಲ್ಲಪ್ಪ ಬಲಗೈ ಬೀಸಿದ ನೋಡಿ, ಕೆನ್ನೆಗೇ ಬಿತ್ತು. ಮಲಗಿಬಿಟ್ಟ."

ಪಕ್ಕದಲ್ಲೇ ಇದ್ದ ಯಲ್ಲಪ್ಪ ನಾಚಿಕೊಂಡ. "ಎದುರಾಳಿಯ ಎಡದವಡೆ ಸಾರ್. ಮುಸುಕಿನ ಮೇಲಿಂದಲೇ ಕೈಗೆ ಗೊತ್ತಾಯ್ತು, ಜೋರಾಗೇ ಬಿತ್ತು ಅಂತ."

"ಆಮೇಲೆ?"

"ಸೋತವನಿಗೂ ಊಟ ಹಾಕೋದು ನಮ್ಮ ಪದ್ಧತಿ," ಎಂದ ತೋಟಪ್ಪ. "ಪರದೆ ಹಿಂದೆ ಎಲೆ ಹಾಕಿಸಿದೆ. ನಾಕು ಇಡ್ಲಿಯಲ್ಲಿ ಒಂದರ ತುದಿ ಮುರಿದಿದ್ದ ಅಷ್ಟೇ. ಉಳಿದದ್ದು ಎಲೆ ಮೇಲೇ ಇತ್ತು. ಹಿಂಬಾಗಿಲಿಂದ ಹೊರಟುಹೋಗಿದ್ದ."

ಹುಚ್ಚರಾಯಪ್ಪನವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಕೆಂಪಪ್ಪ— ಇಡ್ಲಿ ಬಿಡುವುದೆ?

"ಹಾಗಾದರೆ ಅವನಲ್ಲ!" ಎಂದೆ.

"ಅವನಲ್ಲ. ಯಾರು ಅನ್ನೋದು ಶಿಕಾರಿಪುರದಲ್ಲಿದೆ. ತೋಟಪ್ಪ, ಯಲ್ಲಪ್ಪ, ನೀವೂ ಬನ್ನಿ."

ಸಂಜೆ ಎಲ್ಲರೂ ಲೋಕಪ್ಪನ ಮನೆಯಲ್ಲಿ ಸೇರಿದೆವು. ಅವನ ಹೆಂಡತಿ ದುರ್ಗಮ್ಮ ತಟ್ಟೆ ತುಂಬ ಚಕ್ಕುಲಿ ತಂದಿಟ್ಟರು. ಕೆಂಪಪ್ಪ ದುಃಖದಲ್ಲೇ ಕೈ ಹಾಕಿದ; ತಟ್ಟೆ ಅರ್ಧವಾಯಿತು. ಲೋಕಪ್ಪ ಮುಟ್ಟಲಿಲ್ಲ.

"ಎಡಗಡೆ ನೋವಾದರೆ ಬಲಗಡೆ ಅಗಿ," ಎಂದರು ಹುಚ್ಚರಾಯಪ್ಪನವರು.

"ಬಾಯೇ ತೆಗೆಯೋಕಾಗಲ್ಲ ಸಾಹೇಬ್ರೇ. ಎಡಗಡೆ ಹಲ್ಲು ಪ್ರಾಣ ತೆಗೀತಿದೆ."

"ಎಡಗಡೆ ಯಾವ ಹಲ್ಲು?"

"ದವಡೆ ಹಲ್ಲು."

"ಹಲ್ಲೇ ಇಲ್ಲದ ಕಡೆ ಹಲ್ಲುನೋವು ಹೇಗೆ ಬಂತು ಲೋಕಪ್ಪ?"

ಕೆಂಪಪ್ಪನ ಬಾಯಿಂದ ಚಕ್ಕುಲಿಯ ಸದ್ದು ನಿಂತಿತು.

"ಆ ದವಡೆ ಮಿಲಿಟರಿಯಲ್ಲೇ ಖಾಲಿಯಾಗಿದೆ. ನಿನ್ನ ಶಿಷ್ಯನೇ ಹೇಳಿದ, ಆ ಮಾತಿನ ಬೆಲೆ ಅವನಿಗೇ ಗೊತ್ತಾಗಲಿಲ್ಲ. ನಮ್ಮ ಮೇಷ್ಟ್ರೂ ಕೇಳಿ ಸುಮ್ಮನಾದರು. ಈ ಕೆನ್ನೆ ಊದಿದ್ದು ಯಲ್ಲಪ್ಪನ ಬಲಗೈಗೆ. ಕೆಂಪಪ್ಪನ ಹಾಗೆ ಕುಣಿದವನು ಕೆಂಪಪ್ಪನೇ ಅಂದುಕೊಂಡರು ಜನ. ಅವನಿಗೆ ಕುಣಿತ ಕಲಿಸಿದವನು ಯಾರು? ಟ್ರಂಕು ಯಾರದು? ಬೀಗ ಒಡೆದದ್ದೂ, ಮುಸುಕು ಹಾಕಿದ್ದೂ, ಏಟು ತಿಂದದ್ದೂ ನೀನೇ."

ಲೋಕಪ್ಪ ಮೆಲ್ಲಗೆ ಟವೆಲ್ಲಿನ ಗಂಟು ಬಿಚ್ಚಿದ. ಕೆನ್ನೆ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಎತ್ತಿನ ಆಸೆಗಾ?" ತಿಮ್ಮಮ್ಮ ಎದ್ದು ನಿಂತರು.

"ಅಲ್ಲ ತಾಯಿ! ಎತ್ತು ಕಟ್ಕೊಂಡು ನಾನೇನು ಮಾಡ್ಲಿ? ನನಗೆ ಕರಾರು ಹೋದ್ರೆ ಸಾಕಾಗಿತ್ತು. ನಾನೇ ಕೈಬಿಟ್ರೆ ಡೇರೆ ಹೋಗುತ್ತೆ. ಅದಕ್ಕೆ ಮುರಿದೋನು ಅವನೇ ಅಂತ ಆಗಬೇಕಿತ್ತು." ಅವನ ದನಿ ಒಡೆಯಿತು. "ಹೊಟ್ಟೆ ತುಂಬ ಅಂತ ಬರೆದುಬಿಟ್ಟೆ ಸಾಹೇಬ್ರೇ. ಆ ಹೊಟ್ಟೆ ತುಂಬೋದೇ ಇಲ್ಲ! ಕಣಜ ಬರಿದಾಯ್ತು. ಹಾಲು ಕರೆದೂ ಕರೆದೂ ಎಮ್ಮೆ ನನ್ನ ಮುಖ ನೋಡಿದ್ರೆ ಬೇರೆ ಕಡೆ ತಿರುಗುತ್ತೆ. ಉಣ್ಣೋಕೆ ಕೂತ ಹುಡುಗನಿಗೆ ಸಾಕು ಏಳು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಕೆಂಪಪ್ಪ ಬೆರಗಾಗಿ ಅವನನ್ನೇ ನೋಡಿದ.

"ಅಣ್ಣಾ, ನಾನೇನು ಹಸಿದು ಅಷ್ಟೊಂದು ಉಣ್ತಿದ್ನಾ? ಸಾಕು ಅಂದ್ರೆ ಅತ್ತಿಗೆ ಮುಖ ಸಣ್ಣ ಮಾಡ್ಕೊಳ್ತಿದ್ರು. ಅದಕ್ಕೆ ಇನ್ನೊಂದು ರೊಟ್ಟಿ ಹಾಕಿಸ್ಕೊಳ್ತಿದ್ದೆ. ರಾತ್ರಿಯೆಲ್ಲ ಹೊಟ್ಟೆನೋವು."

"ಅಯ್ಯೋ! ಹುಡುಗ ಇಷ್ಟಪಟ್ಟು ಉಣ್ತಾನೆ ಅಂತಲ್ವಾ ನಾನು ಬಡಿಸಿದ್ದು?" ಎಂದರು ದುರ್ಗಮ್ಮ. ಗಂಡನ ಕಡೆ ತಿರುಗಿ, "ನಂಗೆ ಒಂದು ಮಾತು ಹೇಳೋಕಾಗ್ದೆ, ಸೊರಬಕ್ಕೆ ಹೋಗಿ ಗುದ್ದಿಸ್ಕೊಂಡು ಬಂದ್ರಾ?" ಎಂದು ಹಣೆ ಚಚ್ಚಿಕೊಂಡರು.

ಹುಚ್ಚರಾಯಪ್ಪನವರು ಕರಾರಿನ ಕಾಗದ ತರಿಸಿ ಎಲ್ಲರೆದುರು ಹರಿದರು. ಎತ್ತುಗಳು ತಿಮ್ಮಮ್ಮನ ಕೊಟ್ಟಿಗೆಯಲ್ಲೇ ಉಳಿದವು. ಡೇರೆ ಲೋಕಪ್ಪನ ಬಳಿಯೇ ಉಳಿಯಿತು. ಕೆಂಪಪ್ಪ ಇನ್ನು ಮನೆಯಲ್ಲಿ ಉಂಡು, ಪಂದ್ಯದ ದಿನ ಮಾತ್ರ ಬರುವುದೆಂದು ಬಾಯಿಮಾತಿನಲ್ಲೇ ಒಪ್ಪಂದವಾಯಿತು. ಲೋಕಪ್ಪ ಹುಡುಗನ ಕೈ ಹಿಡಿದು ಏನೋ ಹೇಳಹೋದ. ಕೆಂಪಪ್ಪ "ಬಿಡಣ್ಣ" ಎಂದ.

ಎಲ್ಲರೂ ಏಳುವಾಗ ಲೋಕಪ್ಪ ಮೆಲ್ಲಗೆ ಯಲ್ಲಪ್ಪನ ಪಕ್ಕ ಸರಿದ. ಆ ಊದಿದ ಮುಖದಲ್ಲೂ ಏನೋ ಹುಮ್ಮಸ್ಸು.

"ಅಲ್ಲ ಯಲ್ಲಪ್ಪ, ಈ ವಯಸ್ಸಿಗೆ ನಿನ್ನೆದುರು ಎರಡು ಸುತ್ತು ನಿಂತೆನಲ್ಲ. ಜನ ಏನಂದ್ರು?"

ಯಲ್ಲಪ್ಪ ಸುಳ್ಳು ಬಾರದ ಹುಡುಗ.

"ಕೆಂಪಪ್ಪನಿಗೆ ಯಾಕೋ ಇಷ್ಟು ಬೇಗ ಮುಪ್ಪು ಬಂತಲ್ಲ ಅಂದ್ರು ಸಾರ್."

ಮೊದಲು ನಕ್ಕವರು ದುರ್ಗಮ್ಮ.